ಕೇಸ್ ಕಟ್ಟು ಮುಚ್ಚಿಟ್ಟು ಕಾದಂಬರಿ: ಹದಿಹರೆಯದವರಿಗೆ ಬರೆಯುವ ವಕೀಲರಿಗೆ

ಹದಿಮೂರರಿಂದ ಹದಿನೆಂಟರ ಓದುಗರಿಗೆ ಬರೆಯಹೊರಟ ದಾವಣಗೆರೆಯ ವಕೀಲರಿಗೆ ಕಥೆಯ ಬರವಿಲ್ಲ. ತೊಡಕು ಅಲ್ಲೇ ಶುರು. ಕಕ್ಷಿದಾರ ಹೇಳಿಕೊಂಡದ್ದು ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಕಲಂ 132ರಡಿ ಗೋಪ್ಯ. ಕೇಸು ಮುಗಿದ ಮೇಲೂ ಗೋಪ್ಯವೇ. ಹದಿನೆಂಟರೊಳಗಿನವರ ಅಪರಾಧ ಪ್ರಕರಣ ನೋಡುವ ಬಾಲ ನ್ಯಾಯ ಮಂಡಳಿಯ ಕೇಸಾದರೆ ಇನ್ನೂ ಬಿಗಿ. 2015ರ ಬಾಲ ನ್ಯಾಯ ಕಾಯ್ದೆಯ ಕಲಂ 74ರ ಪ್ರಕಾರ ಹೆಸರು, ವಿಳಾಸ, ಶಾಲೆ ಅಷ್ಟೇ ಅಲ್ಲ, ಮಗುವಿನ ಗುರುತು ಹತ್ತುವ ಯಾವ ವಿವರವೂ ಹೊರಬೀಳಬಾರದು. ತಪ್ಪಿದರೆ ಆರು ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಬರೀ ಹೆಸರು ಬದಲಿಸಿ ಪಾರಾಗಲು ಇದೇನು ಬೆಂಗಳೂರಲ್ಲ. ‘ಮಂಡಕ್ಕಿ ಭಟ್ಟಿ ಕಡೆಯ ಹುಡುಗ, ಸೈಕಲ್ ಕಳವು’ ಎಂದರೆ ಯಾರ ಕೇಸೆಂದು ವಕೀಲರ ಸಂಘದಲ್ಲೇ ಹೇಳಿಬಿಡುತ್ತಾರೆ. ಘಟನೆ ಬಿಡಿ, ವಾಯ್ದೆ (ವಿಚಾರಣೆ) ದಿನ ಅಮ್ಮನ ಮುಖ ನೋಡಲಾಗದ ಸಂಕಟವನ್ನಷ್ಟೇ ಇಟ್ಟುಕೊಂಡು ಊರು, ವಯಸ್ಸು, ಅಪರಾಧ, ಮನೆಮಂದಿ ಎಲ್ಲವನ್ನೂ ಹೊಸದಾಗಿ ಕಟ್ಟಿ.

ಕಾರ್ಯವಿಧಾನ ಮಾತ್ರ ನಿಜದ್ದೇ ಇರಲಿ. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಎತ್ತರದ ವೇದಿಕೆಯಿಲ್ಲ, ಕಟಕಟೆಯಿಲ್ಲ. ಮಗುವನ್ನು ಲಾಕಪ್ಪಿಗೆ ಹಾಕುವಂತಿಲ್ಲ. ಸಿನಿಮಾ ನೋಡಿ ಬರೆಯುವವರು ಕಟಕಟೆ ಹಾಕಲಿ, ವಕೀಲರು ಹಾಕಿದರೆ ನಾಚಿಕೆಗೇಡು.

ನಿಜವಾದ ಕಷ್ಟ ಭಾಷೆಯದು. ದಾವಾ ಬರೆದು ಪಳಗಿದ ಕೈ ‘ಸದರಿ ಬಾಲಕಿಯು ಬೆಳಗ್ಗೆ ಸುಮಾರು 5 ಗಂಟೆಗೆ ಪೋಷಕರಿಗೆ ತಿಳಿಸದೆ ಮನೆ ತೊರೆದಿರುತ್ತಾಳೆ’ ಎಂದೇ ಬರೆಯುತ್ತದೆ. ಅದನ್ನೇ ಹುಡುಗಿಯ ಬಾಯಲ್ಲಿ ಹೇಳಿಸಿ: ‘ಅಪ್ಪನ ಚಪ್ಪಲಿ ಮೆಟ್ಕೊಂಡು ಹೊರಟೆ. ನನ್ನವು ಸದ್ದು ಮಾಡ್ತಿದ್ವು.’ ಮೊದಲ ಕರಡು ಮುಗಿದಮೇಲೆ ‘ಸದರಿ’, ‘ಮೇಲ್ಕಂಡ’, ‘ಇರುತ್ತದೆ’ಗಳನ್ನು ಹುಡುಕಿ ಕಿತ್ತುಹಾಕಿ. ಕೊನೆಯ ಅಧ್ಯಾಯದಲ್ಲಿ ವಾದ ಮಂಡಿಸುವ ಚಟವೂ ವೃತ್ತಿದೋಷವೇ. ದೊಡ್ಡವರು ಬಂದು ಬಿಡಿಸುವುದಲ್ಲ, ಮಕ್ಕಳೇ ನಿರ್ಧರಿಸಬೇಕು, ತಪ್ಪಾದರೂ ಸರಿ.

ಅಳತೆ: 40,000 ಪದ ಸಾಕು, ಅಧ್ಯಾಯಕ್ಕೆ 1,500ರ ಆಸುಪಾಸು. ವಾರಕ್ಕೆ ನಾಲ್ಕು ಬೆಳಗ್ಗೆ, ಸಲಕ್ಕೆ 500 ಪದವಾದರೆ 20 ವಾರದಲ್ಲಿ ಕರಡು ಸಿದ್ಧ. ತಿದ್ದುವುದನ್ನು ಬೇಸಿಗೆ ರಜೆಗೆ ಇಟ್ಟುಕೊಳ್ಳಿ.

ಬರೆಯಲು ವಕೀಲಿಕೆಯ ಸನ್ನದು (ಪರವಾನಗಿ) ಅಡ್ಡಿಯಲ್ಲ. ಆದರೆ ವಕೀಲರು ಖುದ್ದಾಗಿ ವ್ಯಾಪಾರ ನಡೆಸುವುದನ್ನು ಬಾರ್ ಕೌನ್ಸಿಲ್ ನಿಯಮ 47 ತಡೆಯುವುದರಿಂದ ಸ್ವಂತ ಪ್ರಕಾಶನ ಸಂಸ್ಥೆ ನಡೆಸುವ ಆಸೆ ಬೇಡ. ನಿಯಮ 36 ಜಾಹೀರಾತನ್ನು ಒಪ್ಪುವುದಿಲ್ಲ. ಲೇಖಕ ಪರಿಚಯದಲ್ಲಿ ಕಚೇರಿಯ ವಿಳಾಸ, ಫೋನ್ ಹಾಕಬೇಡಿ. ಪ್ರಕಾಶಕರ ಒಪ್ಪಂದವನ್ನು ಕಕ್ಷಿದಾರರ ಕಾಗದದಷ್ಟೇ ಗಮನವಿಟ್ಟು ಓದಿ: ಹಕ್ಕು ವರ್ಗಾವಣೆಗೆ ಅವಧಿ ಬರೆಯದಿದ್ದರೆ ಕೃತಿಸ್ವಾಮ್ಯ ಕಾಯ್ದೆಯ ಕಲಂ 19ರಂತೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ.