ಗೋರಿಗಳು ಮತ್ತು ವೀರಗಲ್ಲುಗಳ ಮೂಲಕ ಊರಿನ ಇತಿಹಾಸವನ್ನು ಅರಿಯುವ ಕ್ರಮ

ಊರಿನ ಇತಿಹಾಸವನ್ನು ಅರಿಯಬಯಸುವವರು ಊರಬಾಗಿಲು, ಕೆರೆಯ ಏರಿ ಮತ್ತು ಸ್ಮಶಾನಗಳಲ್ಲಿರುವ ಕಲ್ಲುಗಳಿಂದ ಆರಂಭಿಸುವುದು ಒಳ್ಳೆಯದು. ಒಂದು ಕಲ್ಲು ಒಬ್ಬರ ಸಾವನ್ನು ಮಾತ್ರ ತಿಳಿಸುತ್ತದೆ. ಒಂದೇ ನೆಲೆಯ ಹತ್ತಾರು ಕಲ್ಲುಗಳನ್ನು ಹೋಲಿಸಿ ನೋಡಿದಾಗಲೇ ಆ ಊರಿನ ಮೇಲೆ ಏನೆಲ್ಲ ಬಂದೆರಗಿತ್ತು ಎಂಬುದು ತಿಳಿಯತೊಡಗುತ್ತದೆ.

ಇದಕ್ಕೆ ಶ್ರೀರಂಗಪಟ್ಟಣದ ಗ್ಯಾರಿಸನ್ (ಕೋಟೆಯ ಕಾವಲುಪಡೆ) ಸ್ಮಶಾನ ಒಳ್ಳೆಯ ಪಾಠಶಾಲೆ. 1799ರ ಮೇ 4ರಂದು ಟಿಪ್ಪುವಿನ ಕೋಟೆ ಬಿದ್ದ ಬಳಿಕ ಅಲ್ಲಿ ಬೀಡುಬಿಟ್ಟ ಈಸ್ಟ್ ಇಂಡಿಯಾ ಕಂಪನಿಯ ಪಡೆಯವರನ್ನೂ ಅವರ ಕುಟುಂಬದವರನ್ನೂ ಇಲ್ಲಿ ಹೂಳಲಾಗಿದೆ; ಸ್ವಿಟ್ಜರ್ಲೆಂಡಿನ ದ ಮ್ಯೂರೊನ್ ರೆಜಿಮೆಂಟಿನವರ ಗೋರಿಗಳೂ ಇವೆ. ಪ್ರತಿ ಗೋರಿಯ ಹೆಸರು, ವಯಸ್ಸು, ಸತ್ತ ದಿನ ಮತ್ತು ಪಡೆಯನ್ನು ಪುಸ್ತಕದಲ್ಲಿ ಸಾಲಾಗಿ ಬರೆದುಕೊಂಡು, ಯುದ್ಧ ಮುಗಿದ ನಂತರದ ಸಾವುಗಳನ್ನು ಬೇರೆಯಾಗಿ ಗುರುತಿಸಿ. ದ್ವೀಪದ ಜ್ವರಪೀಡಿತ ಹವೆ ಒಗ್ಗದೆ ಬ್ರಿಟಿಷರು 1809ರಲ್ಲಿ ತಮ್ಮ ಪಡೆಯನ್ನು ಬೆಂಗಳೂರಿಗೆ ಸಾಗಿಸಿದರು, ಅಲ್ಲಿ ದಂಡುಪ್ರದೇಶ ಹುಟ್ಟಿತು ಎಂಬ ಸಂಗತಿಯನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ಓದಬೇಕು. ಅದೇ ದಿನ ಗುಂಬಜ್‌ಗೂ ಹೋಗಿ ಬನ್ನಿ. ಟಿಪ್ಪು ತನ್ನ ತಂದೆ ಹೈದರಾಲಿಗಾಗಿ ಕಟ್ಟಿಸಿದ ಆ ಸಮಾಧಿಯಲ್ಲೇ ಟಿಪ್ಪುವನ್ನೂ ಮಣ್ಣು ಮಾಡಲಾಯಿತು; ಸೋತವರ ಮತ್ತು ಗೆದ್ದವರ ನೆಲೆಗಳೆರಡನ್ನೂ ನೋಡದೆ ಆ ವರ್ಷಗಳ ಕಥೆ ಪೂರ್ತಿಯಾಗುವುದಿಲ್ಲ.

ಹೋರಾಡಿ ಮಡಿದವರ ನೆನಪಿಗೆ ನಿಲ್ಲಿಸಿದ ವೀರಗಲ್ಲನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ ಮತ್ತು ಸೂರ್ಯಚಂದ್ರರು ಇರುತ್ತಾರೆ. ಕಾಳಗದ ಪಟ್ಟಿಕೆಯೇ ಹೆಚ್ಚು ಸಂಗತಿಗಳನ್ನು ಹೇಳುವುದರಿಂದ ಅಲ್ಲಿ ಹೆಚ್ಚು ಹೊತ್ತು ನಿಲ್ಲಿ. ದನಗಳಿದ್ದರೆ ಅದು ತುರುಗೋಳಿನ, ಅಂದರೆ ದನಗಳ ಅಪಹರಣದ, ಹೋರಾಟ. ಅಂಥವು ಒಂದೇ ಕಡೆ ಹಲವಿದ್ದರೆ ಆ ಊರಿನ ಸಂಪತ್ತು ದನಕರುಗಳಲ್ಲಿತ್ತು ಎಂದು ಊಹಿಸಬಹುದು. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಕಲ್ಲಿನಲ್ಲಿ ಹಂದಿಯೊಡನೆ ಸೆಣಸುವ ನಾಯಿಯನ್ನು ಕೆತ್ತಲಾಗಿದೆ; ಅದರ ಹೆಸರು ಕಾಳಿ ಎಂದು ಶಾಸನವೇ ಹೇಳುತ್ತದೆ. ಒಂದು ನಾಯಿಯ ಸಾವನ್ನೂ ಕಲ್ಲಿನಲ್ಲಿ ಉಳಿಸಿದ ಜನರ ಬಗ್ಗೆ ನನಗೆ ಅಪಾರ ಗೌರವವಿದೆ. ಕಂಬದಿಂದ ಹೊರಚಾಚಿದ, ಬಳೆ ತೊಟ್ಟ ತೋಳು ಕಂಡರೆ ಅದು ಮಾಸ್ತಿಕಲ್ಲು, ಅಂದರೆ ಸತಿ ಹೋದ ಹೆಂಗಸಿನ ನೆನಪಿನ ಕಲ್ಲು.

ಶಾಸನದಲ್ಲಿ ಶಕವರ್ಷವಿದ್ದರೆ 78 ಕೂಡಿಸಿ, ಕ್ರಿ.ಶ. ವರ್ಷ ಸಿಗುತ್ತದೆ; ಸಂವತ್ಸರದ ಹೆಸರು ಮಾತ್ರ ಇದ್ದರೆ ಅದು 60 ವರ್ಷಕ್ಕೊಮ್ಮೆ ಮರಳುವುದರಿಂದ ಲಿಪಿಯ ರೂಪವನ್ನು ನೋಡಿಯೇ ಕಾಲವನ್ನು ನಿರ್ಧರಿಸಬೇಕಾಗುತ್ತದೆ. ನಿಮ್ಮ ತಾಲ್ಲೂಕಿನ ಶಾಸನಪಾಠಗಳನ್ನು ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳಲ್ಲಿ ಮೊದಲೇ ಹುಡುಕಿಕೊಂಡು ಹೋದರೆ ಕೆಲಸ ಸುಲಭವಾಗುತ್ತದೆ.

ಅಕ್ಷರ ಸವೆದಿದ್ದರೆ ಸಂಜೆಯ ಓರೆ ಬಿಸಿಲಿನಲ್ಲಿ ನೋಡಿ ಅಥವಾ ಪಕ್ಕದಿಂದ ಟಾರ್ಚ್ ಹಿಡಿಯಿರಿ. ಸುಣ್ಣ, ಎಣ್ಣೆ, ಚಾಕ್‌ಪುಡಿಗಳನ್ನು ಹಚ್ಚಲೇಬಾರದು. ಅವು ಕಲ್ಲಿನ ಮೈಯನ್ನು ಕೆಡಿಸುತ್ತವೆ. ಅನೇಕ ಕಲ್ಲುಗಳಿಗೆ ಇಂದಿಗೂ ಪೂಜೆ ಸಲ್ಲುತ್ತದೆ, ಅನೇಕ ಸ್ಮಶಾನಗಳು ಇಂದಿಗೂ ಬಳಕೆಯಲ್ಲಿವೆ. ಹಾಗಾಗಿ ಊರ ಹಿರಿಯರನ್ನೋ ಮಸೀದಿ ಅಥವಾ ಚರ್ಚಿನವರನ್ನೋ ಕೇಳಿ ಒಳಗೆ ಹೋಗಿ. ಎಲ್ಲಿಯೂ ದಾಖಲಾಗದ ಕಲ್ಲು ಸಿಕ್ಕರೆ ಅದನ್ನು ಎತ್ತಿಡಬೇಡಿ. ಅದು ಮುಖಮಾಡಿರುವ ದಿಕ್ಕು, ಅಕ್ಕಪಕ್ಕದ ಗುರುತು, ಅಳತೆ ಮತ್ತು ಚಿತ್ರಗಳೊಂದಿಗೆ ರಾಜ್ಯದ ಪುರಾತತ್ವ ಇಲಾಖೆಗೆ ತಿಳಿಸಿ.