ರಂಗಪರಿಕರದ ಕೆಲಸ ಕಲಿಯಬೇಕಾ? ಒಂದು ಗದೆಯಿಂದ ಶುರು ಮಾಡಿ

ನಾಟಕಕ್ಕೆ ಪರಿಕರ, ಸೆಟ್ ಮಾಡುವುದನ್ನೇ ಕಸುಬಾಗಿ ಹಿಡಿಯುತ್ತೇನೆ ಎನ್ನುವ ಹುಡುಗ ಹುಡುಗಿಯರು ಸಾಗರದ ನನ್ನ ಶೆಡ್ಡಿಗೆ ಬರುತ್ತಾರೆ. ಅವರ ಕೈಲಿ ನಾನು ಮೊದಲು ಮಾಡಿಸುವುದು ಗದೆ.

ಬಿದಿರಿನ ಕೋಲು, ಥರ್ಮಾಕೋಲ್, ಹಳೇ ಪೇಪರ್, ಮೈದಾ ಅಂಟು ಸಾಕು. ಥರ್ಮಾಕೋಲ್ ತುಂಡುಗಳನ್ನು ಫೆವಿಕಾಲ್ ಹಾಕಿ ಅಂಟಿಸಿ, ಗುಂಡಗೆ ಕೆತ್ತಿ. ಕೋಲು ಗುಂಡನ್ನು ಪೂರ್ತಿ ದಾಟಿ ಆ ಕಡೆ ಬರಬೇಕು. ತುದಿಗೆ ತೂತು ಕೊರೆದು ಅಡ್ಡ ಮೊಳೆ ಹಾಕಿ. ಮೊದಲ ವರ್ಷ ನಾನು ಕೋಲನ್ನು ಸುಮ್ನೆ ಚುಚ್ಚಿ ಅಂಟಿಸಿದ್ದೆ. ಭೀಮ ಬೀಸಿದ ಏಟಿಗೆ ಗುಂಡು ಕಳಚಿಕೊಂಡು ಮುಂದಿನ ಸಾಲಿನ ಮಗುವಿನ ಪಕ್ಕ ಬಿತ್ತು. ಮಗುವಿಗೆ ಏನೂ ಆಗಲಿಲ್ಲ, ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಈಗ ಪ್ರತಿ ಆಯುಧವನ್ನೂ ನೂರು ಸಲ ಬೀಸಿ ನೋಡಿಯೇ ನಟರ ಕೈಗೆ ಕೊಡುತ್ತೇನೆ.

ಗದೆ ತೀರಾ ಹಗುರವಾದರೂ ಕಷ್ಟ. ನಟ ಎಷ್ಟೇ ಚೆನ್ನಾಗಿ ಮಾಡಿದರೂ ತೋಳಿನಲ್ಲಿ ಭಾರ ಕಾಣುವುದಿಲ್ಲ. ಗುಂಡಿನ ಬುಡಕ್ಕೆ ಹಳೇ ಸೈಕಲ್ ಟ್ಯೂಬ್ ಬಿಗಿಯಾಗಿ ಸುತ್ತಿ, ಸ್ವಲ್ಪ ತೂಕ ಕೊಡಿ.

ಆಮೇಲೆ ಪೇಪರ್ ಅಂಟಿಸಿ, ಐದಾರು ಪದರ. ಒಂದು ಒಣಗಿದ ಮೇಲೇ ಇನ್ನೊಂದು. ನಮ್ಮ ಮಳೆಗಾಲದಲ್ಲಿ ಒಂದೊಂದಕ್ಕೂ ಎರಡು ದಿನ ಹಿಡಿಯುತ್ತದೆ. ಅವಸರಕ್ಕೆ ಒಲೆ ಹತ್ತಿರ ಇಟ್ಟರೆ ಥರ್ಮಾಕೋಲ್ ಮುದುಡುತ್ತದೆ. ಫ್ಯಾನ್ ಹಾಕಿ, ಕಾಯಿರಿ. ಅಂಟಿಗೆ ಚೂರು ಮೈಲುತುತ್ತ ಸೇರಿಸಿದರೆ ಹುಳ ಹಿಡಿಯುವುದಿಲ್ಲ. ಆದರೆ ಅದು ವಿಷ, ಅಡುಗೆ ಪಾತ್ರೆ ಮುಟ್ಟಿಸಬೇಡಿ. ಸ್ಪ್ರೇ ಪೇಂಟ್ ತಾಗಿದರೆ ಥರ್ಮಾಕೋಲ್ ಕರಗುತ್ತದೆ, ಹಾಗಾಗಿ ಪೇಪರಿನಲ್ಲಿ ಒಂದು ಸಂದೂ ಉಳಿಯಬಾರದು.

ಬಣ್ಣದಲ್ಲಿ ಹೊಸಬರು ಎಡವುವುದು ಜಾಸ್ತಿ. ಇಡೀ ಗದೆಗೆ ಚಿನ್ನದ ಬಣ್ಣ ಬಳಿದರೆ ಲೈಟ್ ಬಿದ್ದಾಗ ಬರೀ ಹೊಳಪು, ಆಕಾರವೇ ಇರುವುದಿಲ್ಲ. ಮೊದಲು ಗಾಢ ಕಂದು ಹಚ್ಚಿ. ಒಣ ಬ್ರಶ್ಶಿನಲ್ಲಿ ಉಬ್ಬಿದ ಕಡೆ ಮಾತ್ರ ಚಿನ್ನ ಸವರಿ. ಕೊನೇ ಸಾಲಿಗೆ ಹೋಗಿ ನಿಂತು ನೋಡಿ.

ಕ್ರಮವಾಗಿ ಕಲಿಯಬೇಕೆಂದರೆ ಹೆಗ್ಗೋಡಿನ ನೀನಾಸಂ ಎಂಬ ನಾಟಕ ಸಂಸ್ಥೆಯಲ್ಲಿ 1980ರಿಂದ ರಂಗಶಿಕ್ಷಣ ಕೇಂದ್ರ ಇದೆ. 1985ರಲ್ಲಿ ಶುರುವಾದ ಅವರ ತಿರುಗಾಟದ ನಾಟಕ ನಿಮ್ಮೂರಿಗೆ ಬಂದರೆ, ಆಟ ಮುಗಿದ ಮೇಲೆ ಸೆಟ್ ಬಿಚ್ಚುವುದನ್ನು ನಿಂತು ನೋಡಿ. ಇವತ್ತು ಬಿಚ್ಚಿದ್ದು ನಾಳೆ ಇನ್ನೊಂದು ಊರಿನಲ್ಲಿ ಬೇಗ ನಿಲ್ಲಬೇಕು, ಅಲ್ವಾ? ಬೋಲ್ಟ್ ಎಲ್ಲಿ, ಕೀಲು ಎಲ್ಲಿ ಅಂತ ಅಲ್ಲೇ ಗೊತ್ತಾಗುತ್ತದೆ.

ಹೊಟ್ಟೆಪಾಡಿಗೆ ಬರೀ ನಾಟಕ ಸಾಲುವುದಿಲ್ಲ. ಶಾಲಾ ವಾರ್ಷಿಕೋತ್ಸವ, ಸ್ತಬ್ಧಚಿತ್ರ ಎಲ್ಲ ಒಪ್ಪಿಕೊಳ್ಳಿ. ಸಾಮಾನಿನ ದುಡ್ಡನ್ನು ಮುಂಗಡ ಇಸಕೊಳ್ಳಿ, ಕೇಳಲು ನಾಚಬೇಡಿ.

ಪ್ರದರ್ಶನದ ದಿನ ಸೈಡ್ ವಿಂಗ್, ಅಂದರೆ ರಂಗದ ಪಕ್ಕದ ಮರೆಯ ಹಿಂದೆ ಒಂದು ಟೇಬಲ್ ಹಾಕಿ, ಬಿಳಿ ಹಾಳೆ ಹಾಸಿ, ಪ್ರತಿ ವಸ್ತುವಿನ ಸುತ್ತ ಪೆನ್ನಿನಲ್ಲಿ ಗೆರೆ ಎಳೆಯಿರಿ. ಗೆರೆಯೊಳಗೆ ಖಾಲಿ ಕಂಡರೆ, ಏನು ವಾಪಸ್ ಬಂದಿಲ್ಲ ಅಂತ ಮಬ್ಬು ಬೆಳಕಿನಲ್ಲೂ ತಿಳಿಯುತ್ತದೆ.