ಉಪಕರಣದ ಸಿಗ್ನಲ್‌ಗೆ ತಕ್ಕ ಕೇಬಲ್ ಆರಿಸುವುದು ಹೇಗೆ?

ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ ಒತ್ತಡ, ನೀರಿನ ಮಟ್ಟ, ಉಷ್ಣಾಂಶ ಅಳೆಯುವ ಹತ್ತಾರು ಉಪಕರಣಗಳಿರುತ್ತವೆ. ಹೊಸದೊಂದನ್ನು ಕೂರಿಸಿ ಕಂಟ್ರೋಲ್ ರೂಮಿಗೆ ಕೇಬಲ್ ಎಳೆಯಬೇಕಾದಾಗ ಖರೀದಿ ವಿಭಾಗ ಮೊದಲು ಕೇಳುವುದು ‘ಎಷ್ಟು ಸ್ಕ್ವೇರ್ ಎಂಎಂ?’ ಎಂದು, ಅಂದರೆ ತಂತಿ ಎಷ್ಟು ದಪ್ಪ ಎಂದು. ಮೋಟರಿಗೆ ಪವರ್ ಕೇಬಲ್ ಕೊಂಡು ಕೊಂಡು ಬಂದ ಅಭ್ಯಾಸವಿದು. ಸಿಗ್ನಲ್ ಕೇಬಲ್‌ನ ಮಟ್ಟಿಗೆ ಈ ಪ್ರಶ್ನೆಯನ್ನು ಕೊನೆಗೆ ಕೇಳಿದರೂ ನಡೆಯುತ್ತದೆ.

ಮೊದಲು ಒಂದು ಪಟ್ಟಿ ಮಾಡಿಕೊಳ್ಳಬೇಕು. ಪ್ರತಿ ಉಪಕರಣ ಕಳುಹಿಸುವ ಸಿಗ್ನಲ್ ಯಾವ ಬಗೆಯದು, ದೂರ ಎಷ್ಟು, ದಾರಿಯಲ್ಲಿ ಬಿಸಿ, ನೀರು, ಎಣ್ಣೆ ಅಥವಾ ದೊಡ್ಡ ಮೋಟರುಗಳ ಕೇಬಲ್ ಇವೆಯೇ ಎಂಬುದನ್ನು ಸ್ಥಳಕ್ಕೇ ಹೋಗಿ ನೋಡಿ ಬರೆಯಬೇಕು.

ಒತ್ತಡ ಮತ್ತು ಮಟ್ಟದ ಟ್ರಾನ್ಸ್‌ಮಿಟರ್‌ಗಳು (ಅಳತೆಯನ್ನು ವಿದ್ಯುತ್ ಸಿಗ್ನಲ್ ಆಗಿ ಕಳುಹಿಸುವ ಉಪಕರಣಗಳು) ಸಾಮಾನ್ಯವಾಗಿ 4ರಿಂದ 20 ಮಿಲಿಆಂಪಿಯರ್ ಸಿಗ್ನಲ್ ಕೊಡುತ್ತವೆ. 24 ವೋಲ್ಟ್ ಪೂರೈಕೆಯಲ್ಲಿ ಟ್ರಾನ್ಸ್‌ಮಿಟರ್‌ಗೆ 12 ವೋಲ್ಟ್ ಬೇಕಾಗಿದ್ದು, ಕಂಟ್ರೋಲ್ ರೂಮಿನ ಪ್ಯಾನೆಲ್‌ನ 250 ಓಮ್ ರೆಸಿಸ್ಟರ್ 20 ಮಿಲಿಆಂಪಿಯರ್‌ನಲ್ಲಿ 5 ವೋಲ್ಟ್ ತೆಗೆದುಕೊಂಡರೂ 7 ವೋಲ್ಟ್ ಉಳಿಯುತ್ತದೆ. 1 ಸ್ಕ್ವೇರ್ ಎಂಎಂ ತಾಮ್ರದ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 18 ಓಮ್; ಆದ್ದರಿಂದ 500 ಮೀಟರ್ ದೂರಕ್ಕೆ ಹೋಗಿ ಬರುವ ಎರಡೂ ತಂತಿ ಸೇರಿ ಕಳೆಯುವುದು 0.36 ವೋಲ್ಟ್ ಮಾತ್ರ. ವಿದ್ಯುತ್ತಿನ ಲೆಕ್ಕಕ್ಕೆ 0.5 ಸ್ಕ್ವೇರ್ ಎಂಎಂ ಧಾರಾಳವಾಗಿ ಸಾಕು. ಎಳೆಯುವಾಗ ತುಂಡಾಗದಿರಲಿ, ಟರ್ಮಿನಲ್‌ನಲ್ಲಿ ಗಟ್ಟಿಯಾಗಿ ನಿಲ್ಲಲಿ ಎಂಬ ಕಾರಣಕ್ಕೆ 1 ಅಥವಾ 1.5 ಆರಿಸುವುದು ರೂಢಿ.

ಉಷ್ಣಾಂಶ ಅಳೆಯುವ ಪಿಟಿ-100 ಆರ್‌ಟಿಡಿಯ (ಬಿಸಿಗೆ ತಕ್ಕಂತೆ ರೋಧ ಬದಲಾಗುವ ಪ್ಲಾಟಿನಂ ಸಂವೇದಕ) ವಿಷಯ ಹಾಗಲ್ಲ. ಅದು ರೋಧವನ್ನೇ ಉಷ್ಣಾಂಶವಾಗಿ ಹೇಳುತ್ತದೆ, ಒಂದು ಡಿಗ್ರಿಗೆ ಸುಮಾರು 0.385 ಓಮ್. ಅದೇ 1 ಸ್ಕ್ವೇರ್ ಎಂಎಂ ತಂತಿಯನ್ನು ಎರಡೇ ಎಳೆಯಾಗಿ 100 ಮೀಟರ್ ಎಳೆದರೆ ತಂತಿಯದೇ 3.6 ಓಮ್ ಸೇರಿಕೊಂಡು ಓದಿಕೆ ಒಂಬತ್ತು ಡಿಗ್ರಿಗೂ ಮೇಲೆ ಹೆಚ್ಚುತ್ತದೆ. ಇಲ್ಲಿ ದಪ್ಪ ತಂತಿ ಪರಿಹಾರವಲ್ಲ. ತಂತಿಯ ರೋಧವನ್ನು ಪ್ಯಾನೆಲ್ ಲೆಕ್ಕದಿಂದ ಕಳೆಯಲು ಒಂದೇ ಅಳತೆಯ ಮೂರು ಎಳೆಗಳಿರುವ ಕೇಬಲ್ ಬೇಕು, ಹೆಚ್ಚು ನಿಖರತೆ ಬೇಕಾದಲ್ಲಿ ನಾಲ್ಕು.

ಎಲ್ಲಕ್ಕಿಂತ ಹೆಚ್ಚು ಎಡವುವುದು ಥರ್ಮೋಕಪಲ್‌ನಲ್ಲಿ, ಅಂದರೆ ಎರಡು ಬೇರೆ ಲೋಹದ ತಂತಿ ಬೆಸೆದು, ಎರಡು ತುದಿಗಳ ಉಷ್ಣಾಂಶದ ವ್ಯತ್ಯಾಸಕ್ಕೆ ತಕ್ಕ ವೋಲ್ಟೇಜ್ ಕೊಡುವ ಸಂವೇದಕದಲ್ಲಿ. ಕೆ-ಟೈಪ್ ಥರ್ಮೋಕಪಲ್ ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್ ಕೊಡುತ್ತದೆ, ಮತ್ತು ಅದರ ಲೋಹಕ್ಕೆ ಹೊಂದುವ ಎಕ್ಸ್‌ಟೆನ್ಶನ್ ಅಥವಾ ಕಾಂಪೆನ್ಸೇಟಿಂಗ್ ಕೇಬಲ್ಲೇ ಪ್ಯಾನೆಲ್‌ವರೆಗೂ ಹೋಗಬೇಕು. ಗೋದಾಮಿನಲ್ಲಿದೆ ಎಂದು ಸಾದಾ ತಾಮ್ರ ಹಾಕಿದರೆ ಏನಾಗುತ್ತದೆ? ಬಾಯ್ಲರ್ ಬಳಿ ಥರ್ಮೋಕಪಲ್‌ನ ಹೆಡ್ (ಕೇಬಲ್ ಜೋಡಿಸುವ ಡಬ್ಬಿ) 60 ಡಿಗ್ರಿಯಲ್ಲಿದ್ದು ಎಸಿ ಕೋಣೆಯ ಪ್ಯಾನೆಲ್ 25ರಲ್ಲಿದ್ದರೆ ಓದಿಕೆ 35 ಡಿಗ್ರಿ ಕಡಿಮೆ ಬರುತ್ತದೆ. ಸರಿಯಾದ ಕೇಬಲ್ಲನ್ನೇ ತಂದು ಎರಡೂ ತುದಿಯಲ್ಲಿ ಪ್ಲಸ್–ಮೈನಸ್ ಅದಲುಬದಲು ಮಾಡಿದರೆ ತಪ್ಪು ದುಪ್ಪಟ್ಟು. ಒಂದೇ ತುದಿಯಲ್ಲಿ ತಿರುಗಿಸಿದ್ದರೆ ಬಿಸಿ ಏರಿದಂತೆ ಓದಿಕೆ ಇಳಿಯುವುದರಿಂದ ಬೇಗ ಗೊತ್ತಾಗುತ್ತದೆ. ಅಪಾಯ ಇರುವುದು ಹತ್ತಿರ ಹತ್ತಿರ ಸರಿಯೆನಿಸುವ ಓದಿಕೆಯಲ್ಲಿ. ಬಣ್ಣಗಳನ್ನೂ ನೋಡಿಕೊಳ್ಳಿ: ಐಇಸಿ (ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡ) ಪದ್ಧತಿಯಲ್ಲಿ ಕೆ-ಟೈಪ್‌ನ ಪ್ಲಸ್ ಹಸಿರು, ಮೈನಸ್ ಬಿಳಿ, ಅಮೆರಿಕದ ಪದ್ಧತಿಯಲ್ಲಿ ಪ್ಲಸ್ ಹಳದಿ, ಮೈನಸ್ ಕೆಂಪು. ಕೆಂಪೆಂದರೆ ಪ್ಲಸ್ ಎಂದೇ ಕಲಿತ ಕೈಗಳು ಇಲ್ಲಿ ಮೋಸಹೋಗುವುದು ಸಹಜ.

ಬಗೆ ಗೊತ್ತಾದ ಮೇಲೆ ಹೊರಗಿನ ವಿದ್ಯುತ್ ಗದ್ದಲದಿಂದ ರಕ್ಷಣೆಯ ಮಾತು. ಎರಡು ಎಳೆಗಳನ್ನು ಹೆಣೆದ ಟ್ವಿಸ್ಟೆಡ್ ಪೇರ್ ಮೋಟರ್ ಕೇಬಲ್‌ನ ಕಾಂತಕ್ಷೇತ್ರದ ಪರಿಣಾಮವನ್ನು ಬಹುಪಾಲು ತಾನೇ ಅಳಿಸಿಹಾಕುತ್ತದೆ. ಅದರ ಮೇಲಿನ ಅಲ್ಯೂಮಿನಿಯಂ–ಮೈಲಾರ್ ಶೀಲ್ಡ್ ವಿದ್ಯುತ್‌ಕ್ಷೇತ್ರವನ್ನು ತಡೆಯುತ್ತದೆ. ಹಲವು ಪೇರ್‌ಗಳ ಕೇಬಲ್‌ನಲ್ಲಿ 4–20 ಮಿಲಿಆಂಪಿಯರ್ ಸಿಗ್ನಲ್‌ಗಳಷ್ಟೇ ಹೋಗುವುದಾದರೆ ಎಲ್ಲಕ್ಕೂ ಸೇರಿ ಒಂದು ಶೀಲ್ಡ್ ಸಾಕೆಂಬುದು ನನ್ನ ಅಭಿಪ್ರಾಯ. ಥರ್ಮೋಕಪಲ್‌ನಂಥ ಮಿಲಿವೋಲ್ಟ್ ಸಿಗ್ನಲ್‌ಗೆ ಮಾತ್ರ ಪ್ರತಿ ಪೇರ್‌ಗೂ ಬೇರೆ ಶೀಲ್ಡ್ ಇರುವುದಕ್ಕೆ ದುಡ್ಡು ಕೊಡಬೇಕು.

ಇನ್ನು ಹೊರಕವಚ. ತೆರೆದ ಟ್ರೇಯಲ್ಲಿ, ಇಲಿ ಓಡಾಡುವ ಟ್ರೆಂಚ್‌ನಲ್ಲಿ ಹೋಗುವುದಕ್ಕೆ ಜಿಐ ಆರ್ಮರ್ (ಸತು ಲೇಪಿಸಿದ ಉಕ್ಕಿನ ಕವಚ) ಬೇಕು. ಸಾಮಾನ್ಯ ಪಿವಿಸಿ 70 ಡಿಗ್ರಿಗೆ ಮೀರಿ ಬಾಳುವುದಿಲ್ಲವಾದ್ದರಿಂದ ಬಾಯ್ಲರ್ ಮೈಗೆ ಹತ್ತಿರದ ತುಣುಕಿಗೆ ಸಿಲಿಕೋನ್ ಅಥವಾ ಪಿಟಿಎಫ್‌ಇ ನಿರೋಧಕದ ಕೇಬಲ್ ತರಿಸಬೇಕು.

ಶೀಲ್ಡನ್ನು ಒಂದೇ ತುದಿಯಲ್ಲಿ, ಸಾಮಾನ್ಯವಾಗಿ ಪ್ಯಾನೆಲ್ ಕಡೆ, ಅರ್ಥ್ ಮಾಡಬೇಕು. ಎರಡೂ ಕಡೆ ಮಾಡಿದರೆ ಎರಡು ಜಾಗದ ಅರ್ಥ್‌ಗಳ ನಡುವಿನ ವೋಲ್ಟೇಜ್ ವ್ಯತ್ಯಾಸದಿಂದ ಶೀಲ್ಡ್‌ನಲ್ಲೇ ಕರೆಂಟ್ ಹರಿಯುತ್ತದೆ. (ಮೋಟರಿನ ವೇಗ ಬದಲಿಸುವ ವಿಎಫ್‌ಡಿಯಿಂದ ಮೋಟರಿಗೆ ಹೋಗುವ ಪವರ್ ಕೇಬಲ್‌ನ ಶೀಲ್ಡನ್ನು ಎರಡೂ ತುದಿಯಲ್ಲಿ ಅರ್ಥ್ ಮಾಡುತ್ತಾರೆ; ಅದನ್ನು ನೋಡಿ ಇಲ್ಲಿ ಅನುಕರಿಸಬಾರದು.) ಉಪಕರಣದ ಕಡೆ ಡ್ರೇನ್ ವೈರನ್ನು (ಶೀಲ್ಡ್‌ಗೆ ತಾಗಿಕೊಂಡಿರುವ ಬರಿ ತಂತಿ) ಕತ್ತರಿಸಿ ಸ್ಲೀವ್ ಹಾಕಬೇಕು. ಕೇಬಲ್ ಎಳೆದಾದ ಮೇಲೆ, ಪ್ಯಾನೆಲ್‌ನಲ್ಲಿ ಅರ್ಥ್‌ಗೆ ಜೋಡಿಸುವ ಮುನ್ನ, ಶೀಲ್ಡ್ ಮತ್ತು ಅರ್ಥ್ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಮೀಟರ್ ಬೀಪ್ ಎಂದರೆ ಬಹುಶಃ ಯಾವುದೋ ಗ್ಲ್ಯಾಂಡ್‌ನೊಳಗೆ (ಕೇಬಲ್ ಬಾಕ್ಸಿನೊಳಗೆ ಹೋಗುವಲ್ಲಿ ಅದನ್ನು ಹಿಡಿಯುವ ಬಿಗಿ) ಶೀಲ್ಡ್ ಆರ್ಮರಿಗೆ ತಾಗಿದೆ. ಜಂಕ್ಷನ್ ಬಾಕ್ಸ್‌ಗಳನ್ನು ಒಂದೊಂದಾಗಿ ತೆರೆದು ಹುಡುಕಬೇಕಾಗುತ್ತದೆ.